ಬಾಗಿಲು ತೆರೆದರೆ ಸಾಲದು



ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಗಡಿಯೂರು ದುಧನಿಯ ಮಾರುಕಟ್ಟೆಗೆ ತೊಗರಿ, ಕಡಲೆ, ಜೋಳ ತಂದ ರೈತ ಮಾಲು ತೂಗಿಸಿ, ಅಡತಿ ಅಂಗಡಿಯ ಗಾದಿಯ ಮೇಲೆ ಕೂತು ಪಟ್ಟಿಯ ಹಣ ಎಣಿಸಿಕೊಳ್ಳುತ್ತಾನೆ. ವರ್ಷದ ಕೊನೆಯ ದಿನಗಳಾಗಿದ್ದರೆ ಸಾಹುಕಾರರು ಹಣದ ಜೊತೆಗೆ ಒಂದು ಸುರುಳಿಯನ್ನೂ ಕೈಗಿಡುತ್ತಾರೆ. ಕ್ಯಾಲೆಂಡರು. ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮನೆಗೆ ಹೋದ ಕೂಡಲೇ ಅದು ಗೋಡೆಗೇರುತ್ತದೆ. ಮುಂದಿನ ವರ್ಷದ ಹೊತ್ತಿಗೆ ತಾರೀಖಿನ ಹಾಳೆಗಳೆಲ್ಲ ಹರಿದುಹೋಗಿರುತ್ತವೆ, ಮೇಲಿನ ಲಕ್ಷ್ಮಿಯೋ ಶಿವಪಾರ್ವತಿಯರೋ ಮಾತ್ರ ಅಲ್ಲೇ ಇರುತ್ತಾರೆ. ನಮ್ಮ ಸೀಮೆಯ ಹಳೆಯ ತಲೆಮಾರು ಚಿತ್ರಕಲೆಯನ್ನು ಕಂಡದ್ದು ಹೀಗೆ, ಒಕ್ಕಲುತನದ ಲೆಕ್ಕದ ಜೊತೆಗೆ, ಪುಕ್ಕಟೆಯಾಗಿ.

ಇದು ಸಣ್ಣ ಸಂಗತಿಯಲ್ಲ. ರಾಜಾ ರವಿವರ್ಮ 1894ರಲ್ಲಿ ಮುಂಬಯಿಯ ಘಾಟಕೋಪರದಲ್ಲಿ ಮುದ್ರಣಾಲಯ ತೆರೆದು, ಅದು ಮುಂದೆ ಲೋಣಾವಳದ ಹತ್ತಿರದ ಮಳವಲಿಗೆ ಹೋದ ಮೇಲೆ, ಅರಮನೆಯ ಗೋಡೆಯ ಮೇಲಿದ್ದ ಸರಸ್ವತಿ ರೈಲು ಹತ್ತಿ ಹಳ್ಳಿಗೆ ಬಂದಳು. ಆ ದಾರಿಯಲ್ಲೇ ನಡೆದ ಇನ್ನೊಬ್ಬರು ನಮ್ಮವರೇ, ಕಲಬುರಗಿಯ ಎಸ್. ಎಂ. ಪಂಡಿತರು. 1916ರಲ್ಲಿ ಹುಟ್ಟಿ, ಎಳವೆಯಲ್ಲಿ ಶಂಕರರಾವ್ ಆಳಂದಕರ ಮಾಸ್ತರರ ಕೈಯಲ್ಲಿ ಪಳಗಿ, ಮದರಾಸು, ಮುಂಬಯಿಗಳಲ್ಲಿ ಓದಿ, ಸಿನಿಮಾದ ಜಾಹೀರಾತು ಚಿತ್ರ ಬರೆದು, ಕೊನೆಗೆ ಪುರಾಣದ ಚಿತ್ರಗಳಿಂದ ಕ್ಯಾಲೆಂಡರುಗಳನ್ನು ಆಳಿದರು. ಅವರಿಗಿಂತ ಕೆಲವೇ ತಿಂಗಳು ಮೊದಲು, 1915ರ ಸೆಪ್ಟೆಂಬರಿನಲ್ಲಿ, ಇದೇ ಸೊಲ್ಲಾಪುರ ಜಿಲ್ಲೆಯ ಪಂಢರಪುರದಲ್ಲಿ ಹುಟ್ಟಿದವರು ಎಂ. ಎಫ್. ಹುಸೇನ್. ಅವರೂ ಮುಂಬಯಿಗೆ ಹೋದರು, ಅವರೂ ಹೊಟ್ಟೆಪಾಡಿಗೆ ಸಿನಿಮಾದ ದೊಡ್ಡ ಹಲಗೆಗಳನ್ನು ಬರೆದರು. ಮುಂದೆ ಇಬ್ಬರ ದಾರಿಗಳು ಬೇರೆಯಾದವು.

ಕಲಬುರಗಿಯಲ್ಲಿ ಪಂಡಿತರ ಹೆಸರಿನ ರಂಗಮಂದಿರವಿದೆ. ಅಲ್ಲಿ ನಾಟಕ ನೋಡಿ ಹೊರಬರುವವರನ್ನು ನಿಲ್ಲಿಸಿ ಅವರ ಒಂದು ಚಿತ್ರದ ಬಗ್ಗೆ ಕೇಳಿ ನೋಡಿ. ಉತ್ತರ ಸಿಗದಿದ್ದರೆ ತಪ್ಪು ಜನರದ್ದಲ್ಲ. ಚಿತ್ರ ನಮಗೆ ಸಿಕ್ಕಿತು, ಅದನ್ನು ನೋಡುವುದು ಹೇಗೆಂದು ಹೇಳಿಕೊಡುವವರು ಸಿಗಲಿಲ್ಲ.

ಇವತ್ತು ನಾನು ಮಾತಾಡಬೇಕೆಂದಿರುವುದು ಇದನ್ನೇ. ಕಲೆಯ ಸಂಗ್ರಹಾಲಯವೆಂದರೆ ನೋಡುವ ಜಾಗವಷ್ಟೇ ಅಲ್ಲ, ಕಲಿಯುವ ಜಾಗವೂ ಹೌದು. ಆ ಕಲಿಕೆಗೆ ದುಡ್ಡಿರಬಾರದು ಎಂದು ವಾದಿಸುವವರು ಬಹಳ ಜನ. ನನ್ನ ವಾದ ಅದಕ್ಕಿಂತ ಒಂದು ಹೆಜ್ಜೆ ಮುಂದಿನದು. ಪುಕ್ಕಟೆ ಎಂದು ಬಾಗಿಲು ತೆರೆದಿಟ್ಟರೆ ಕೆಲಸ ಮುಗಿಯುವುದಿಲ್ಲ. ನಮ್ಮ ಕಡೆ ಮಠದ ದಾಸೋಹ ಎಲ್ಲರೂ ಕಂಡದ್ದೇ. ಬಾಗಿಲು ತೆಗೆದು, ಒಲೆಯ ಮೇಲೆ ಹುಗ್ಗಿಯ ಕೊಪ್ಪರಿಗೆ ಇಟ್ಟು, ಬೇಕಾದವರು ತಿನ್ನಲಿ ಎಂದು ಹೋಗಿಬಿಟ್ಟರೆ ಅದನ್ನು ದಾಸೋಹ ಎನ್ನುತ್ತಾರೆಯೇ? ಕೂರಿಸಬೇಕು, ಎಲೆ ಹಾಕಬೇಕು, ಬಡಿಸಬೇಕು, ಇನ್ನಷ್ಟು ಬೇಕೇ ಎಂದು ಕೇಳಬೇಕು. ನಮ್ಮ ಸಂಗ್ರಹಾಲಯಗಳಲ್ಲಿ ಕೊಪ್ಪರಿಗೆ ತುಂಬಿದೆ, ಬಡಿಸುವವರಿಲ್ಲ.

ದುಧನಿಯ ಸುತ್ತ ಇರುವುದೇನು ಎಂದು ಒಮ್ಮೆ ನೋಡೋಣ. ಅಕ್ಕಲಕೋಟೆಯಲ್ಲಿ ಭೋಸಲೆ ಸಂಸ್ಥಾನಿಕರ ಶಸ್ತ್ರಾಗಾರವಿದೆ. ಸ್ವಾಮಿ ಸಮರ್ಥರ ದರ್ಶನಕ್ಕೆಂದು ಬರುವವರ ನೂರರಲ್ಲಿ ಒಂದು ಪಾಲು ಜನ ಅತ್ತ ಹೊರಳಿದರೂ ದೊಡ್ಡ ಮಾತು. ರೈಲಿನಲ್ಲಿ ಪೂರ್ವಕ್ಕೆ ಹೊರಟರೆ, ಗಾಣಗಾಪುರ ರೋಡ್ ದಾಟಿ ತಾಸು ಹೊತ್ತಿನಲ್ಲಿ ಕಲಬುರಗಿ. ಅಲ್ಲಿಯ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಬಹಮನಿ ಕಾಲದ ಜೋಡಿ ಗುಮ್ಮಟಗಳ ಒಳಗೆ. ಕಟ್ಟಡವೇ ಒಂದು ಪಾಠ, ಅದನ್ನು ಅಲ್ಲಿ ಯಾರೂ ಪಾಠವಾಗಿ ಮಾಡುವುದಿಲ್ಲ ಎಂಬುದು ಬೇರೆ ಮಾತು. ದಕ್ಷಿಣಕ್ಕೆ ಭೀಮೆ ದಾಟಿ ಹೋದರೆ ವಿಜಯಪುರದ ಗೋಳಗುಮ್ಮಟದ ಮುಂದಿನ ನಗಾರಖಾನೆ. 1892ರಲ್ಲೇ ಶುರುವಾದ ಸಂಗ್ರಹಾಲಯ ಅದು. ಕನ್ನಡ, ಸಂಸ್ಕೃತ, ಅರಬ್ಬಿ, ಪಾರಸಿ ಶಾಸನಗಳು ಅಲ್ಲಿ ಅಕ್ಕಪಕ್ಕ ನಿಂತಿವೆ, ಚೀನಾ ಪಿಂಗಾಣಿ ಇದೆ, ಹಳೆಯ ರತ್ನಗಂಬಳಿಗಳಿವೆ. ಕೇಂದ್ರ ಪುರಾತತ್ವ ಇಲಾಖೆಯ ನಿಯಮದಂತೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟಿಲ್ಲ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆಯ ಸಪ್ತಾಹ, ಮೇ 18ಕ್ಕೆ ವಸ್ತುಸಂಗ್ರಹಾಲಯಗಳ ಅಂತರರಾಷ್ಟ್ರೀಯ ದಿನ. ಆ ದಿನಗಳಲ್ಲಿ ಬ್ಯಾನರು, ಭಾಷಣ, ಒಂದು ಚಿತ್ರಸ್ಪರ್ಧೆ. ಮರುದಿನ ಮತ್ತೆ ಹಿಂದಿನಂತೆ ಬೀಗದ ಕೈ ಹಿಡಿದ ಕಾವಲುಗಾರ ಮತ್ತು ಧೂಳು.

ವಿಜಯಪುರದ ಮಾತು ಬಂದಾಗ ಇನ್ನೊಂದು ನೆನಪಾಗುತ್ತದೆ. ಎರಡನೆಯ ಇಬ್ರಾಹಿಂ ಆದಿಲ್ ಶಾಹನ ಕಾಲದಲ್ಲಿ, ಅಂದರೆ 1600ರ ಆಸುಪಾಸಿನಲ್ಲಿ, ವಿಜಯಪುರದ ಒಬ್ಬ ಕಲಾವಿದ ಒಂದು ಚಿತ್ರ ಬರೆದ. ಜೋಗಿತಿಯೊಬ್ಬಳು ಮೈತುಂಬ ಆಭರಣ ತೊಟ್ಟು, ಕೈಮೇಲೆ ಮೈನಾ ಹಕ್ಕಿ ಕೂರಿಸಿಕೊಂಡು ನಿಂತಿದ್ದಾಳೆ. ದಖನಿ ಚಿತ್ರಕಲೆಯ ಮಾತು ಎಲ್ಲಿ ಬಂದರೂ ಈ ಜೋಗಿತಿ ಬರಲೇಬೇಕು. ಅವಳು ಈಗ ಇರುವುದು ಐರ್ಲೆಂಡ್ ದೇಶದ ಡಬ್ಲಿನ್ ಊರಿನ ಚೆಸ್ಟರ್ ಬೀಟಿ ಸಂಗ್ರಹಾಲಯದಲ್ಲಿ. 1570ರಲ್ಲಿ ವಿಜಯಪುರದಲ್ಲೇ ಬರೆಸಿದ, ನಕ್ಷತ್ರ, ಯಂತ್ರ, ಯೋಗಿನಿಯರ ಚಿತ್ರಗಳಿಂದ ತುಂಬಿದ ‘ನುಜೂಮ್ ಅಲ್ ಉಲೂಮ್’ ಎಂಬ ಹಸ್ತಪ್ರತಿಯೂ ಅಲ್ಲೇ ಇದೆ. ಆ ಸಂಗ್ರಹಾಲಯಕ್ಕೆ ಪ್ರವೇಶ ಪುಕ್ಕಟೆ; ಜೊತೆಗೆ ಕರೆದೊಯ್ದು ವಿವರಿಸುವವರೂ ಪುಕ್ಕಟೆಯಾಗಿಯೇ ಸಿಗುತ್ತಾರೆ. ಭೀಮೆ–ಡೋಣಿಗಳ ನಡುವಿನ ನಮ್ಮ ಚಿತ್ರವನ್ನು ಡಬ್ಲಿನ್ನಿನ ಶಾಲೆಯ ಹುಡುಗಿ ಕಾಸು ಕೊಡದೆ, ಬಲ್ಲವರ ಬಾಯಿಂದ ಕೇಳುತ್ತ ನೋಡಬಲ್ಲಳು. ಚಿತ್ರ ವಾಪಸು ಬರಬೇಕೋ ಬೇಡವೋ ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಆ ಹುಡುಗಿಗೆ ಸಿಕ್ಕ ಬಲ್ಲವರ ಮಾತು ನಮ್ಮ ಹುಡುಗಿಗೂ, ನಮ್ಮಲ್ಲೇ ಉಳಿದಿರುವ ವಸ್ತುಗಳ ಮುಂದೆ, ಸಿಗಬೇಡವೇ?

ಸಂಗ್ರಹಾಲಯ ಬಡವರಿಗೂ ಕಲಿಸಬೇಕು ಎಂಬ ವಿಚಾರ ಹೊಸದಲ್ಲ. ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ 1857ರಲ್ಲಿ ತೆರೆದಾಗ ಅದರ ಮುಖ್ಯಸ್ಥ ಹೆನ್ರಿ ಕೋಲ್ ಎರಡು ಕೆಲಸ ಮಾಡಿದ. ವಾರದಲ್ಲಿ ಮೂರು ದಿನ, ಸೋಮವಾರ, ಮಂಗಳವಾರ, ಶನಿವಾರ, ಪ್ರವೇಶಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಎರಡನೆಯದು ಅದಕ್ಕಿಂತ ಜಾಣತನದ್ದು. ಗ್ಯಾಸ್ ದೀಪ ಹಚ್ಚಿಸಿ ರಾತ್ರಿಯೂ ತೆರೆದಿಟ್ಟ. ಗಿರಣಿಯ ಕೆಲಸಗಾರ ಹಗಲು ಬರಲಾರ ಎಂಬುದು ಅವನಿಗೆ ತಿಳಿದಿತ್ತು. ಇವತ್ತು ವಿಕ್ಟೋರಿಯಾ ಆಂಡ್ ಆಲ್ಬರ್ಟ್ ಎಂದು ಕರೆಯುವುದು ಅದನ್ನೇ. ನಮ್ಮಲ್ಲಿ 2026ನೆಯ ಇಸವಿ ಬಂದರೂ ಸರ್ಕಾರಿ ಸಂಗ್ರಹಾಲಯ ಕಚೇರಿಯ ಹೊತ್ತಿಗೆ ತೆರೆದು ಕಚೇರಿಯ ಹೊತ್ತಿಗೆ ಮುಚ್ಚುತ್ತದೆ. ಸಂಜೆ ಶಾಲೆಯ ಹುಡುಗನಿಗೆ ಬಿಡುವಾದಾಗ ಅದಕ್ಕೂ ಬಿಡುವು. ದುಧನಿಯ ಹಮಾಲನಿಗಂತೂ ಅದರ ಬಾಗಿಲು ಎಂದೂ ತೆರೆದೇ ಇಲ್ಲ ಎನ್ನಬಹುದು.

ಲಂಡನ್ನು ದೂರವಾಯಿತು ಎನ್ನುವವರಿಗೆ ಔಂಧವನ್ನು ತೋರಿಸುತ್ತೇನೆ. ಸಾತಾರಾ ಜಿಲ್ಲೆಯ ಸಣ್ಣ ಊರು. ಔಂಧ ಸಂಸ್ಥಾನಕ್ಕೆ ನಮ್ಮ ವಿಜಯಪುರ ಸೀಮೆಯ ಗುಣದಾಳವೂ ಸೇರಿತ್ತು ಎಂಬುದನ್ನು ಬಹಳ ಜನ ಮರೆತಿದ್ದಾರೆ. ಅಲ್ಲಿಯ ರಾಜ ಭವಾನರಾವ್ ಪಂತಪ್ರತಿನಿಧಿ ತಾವೇ ಕುಂಚ ಹಿಡಿದವರು. ಸೂರ್ಯನಮಸ್ಕಾರವನ್ನು ಮನೆಮನೆಗೆ ಮುಟ್ಟಿಸಿದವರೂ ಅವರೇ. 1938ರಲ್ಲಿ ಅವರು ತಮ್ಮ ಸಂಗ್ರಹಕ್ಕೆ ಕಟ್ಟಡ ಕಟ್ಟಿಸಿದ್ದು ಪುಣೆಯಲ್ಲಲ್ಲ, ಮುಂಬಯಿಯಲ್ಲೂ ಅಲ್ಲ, ಯಮಾಯಿ ದೇವಿಯ ಗುಡ್ಡ ಏರುವ ದಾರಿಯ ನಡುವೆ. ದೇವಿಗೆ ಹಣ್ಣುಕಾಯಿ ಮಾಡಿಸಲು ಹೊರಟ ಒಕ್ಕಲಿಗನ ಹೆಂಡತಿ ದಾರಿಯಲ್ಲಿ ರವಿವರ್ಮನನ್ನೂ, ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ಕಡೆದ ತಾಯಿಮಗುವನ್ನೂ ನೋಡಬಹುದಾದ ಊರು ಜಗತ್ತಿನಲ್ಲಿ ಇನ್ನೊಂದಿದೆಯೋ ಇಲ್ಲವೋ. ಅದೇ ವರ್ಷಗಳಲ್ಲಿ ಅವರು ಗಾಂಧೀಜಿಯ ಸಲಹೆ ಪಡೆದು ಆಡಳಿತವನ್ನು ಪಂಚಾಯತಿಗಳ ಕೈಗೆ ಕೊಡುವ ಪ್ರಯೋಗಕ್ಕೂ ಕೈಹಾಕಿದ್ದರು. ಕಲೆ ಒಂದು ಕಡೆ, ಜನ ಒಂದು ಕಡೆ ಎಂದು ಆ ರಾಜ ಎಣಿಸಲಿಲ್ಲ. ಸಂಗ್ರಹಾಲಯ ಎಲ್ಲಿರಬೇಕು ಎಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಔಂಧವೇ: ಜನ ಹೇಗೂ ನಡೆದು ಹೋಗುವ ದಾರಿಯಲ್ಲಿ.

ಈಗ ಬಡಿಸುವುದು ಹೇಗೆ ಎಂಬ ಮಾತಿಗೆ ಬರುತ್ತೇನೆ. ನಾನು ಚಿತ್ರಕಲೆಯ ಮಾಸ್ತರನಾಗಿ ಬದುಕಿದವನು, ಆದ್ದರಿಂದ ನನ್ನ ಕಸುಬಿನ ಮಾತೇ ಮುಂದೆ ಬರುತ್ತದೆ, ಸಹಿಸಿಕೊಳ್ಳಿ.

ಒಂದು ವೀರಗಲ್ಲನ್ನೇ ತೆಗೆದುಕೊಳ್ಳಿ. ಕಲಬುರಗಿಗೆ ಹೋಗಬೇಕೆಂದೂ ಇಲ್ಲ. ನಮ್ಮ ಸೀಮೆಯ ಎಷ್ಟೋ ಊರುಗಳಲ್ಲಿ ಹಣಮಪ್ಪನ ಗುಡಿಯ ಪಕ್ಕದಲ್ಲಿ, ಬೇವಿನ ಗಿಡದ ಬುಡದಲ್ಲಿ, ಎಣ್ಣೆ ಕುಂಕುಮ ಮೆತ್ತಿಸಿಕೊಂಡು ಒಂದಾದರೂ ನಿಂತಿರುತ್ತದೆ. ಸಂಗ್ರಹಾಲಯದಲ್ಲಿ ಅದರ ಕೆಳಗೆ ಚೀಟಿ: ‘ವೀರಗಲ್ಲು, ಸು. 12ನೆಯ ಶತಮಾನ.’ ಹುಡುಗರು ಓದುತ್ತಾರೆ, ಮುಂದೆ ಹೋಗುತ್ತಾರೆ. ಎಣಿಸಿದರೆ ನಾಲ್ಕು ಸೆಕೆಂಡು. ಅದೇ ಮಕ್ಕಳನ್ನು ನೆಲಕ್ಕೆ ಕೂರಿಸಿ, ಚೀಟಿಯನ್ನು ಮುಚ್ಚಿ, ಏನು ಕಾಣುತ್ತದೆ ಹೇಳಿರಪ್ಪ ಎಂದು ಸುಮ್ಮನಾಗಿಬಿಡಿ. ಮೊದಲು ಯಾರೂ ಬಾಯಿಬಿಡುವುದಿಲ್ಲ. ಆಮೇಲೆ ಒಬ್ಬ, ‘ಸರ್, ಕತ್ತಿ ಐತ್ರೀ’ ಎನ್ನುತ್ತಾನೆ. ಇನ್ನೊಬ್ಬಳು ಕೆಳಗಿನ ಸಾಲಿನಲ್ಲಿ ದನಗಳನ್ನು ಹುಡುಕುತ್ತಾಳೆ. ‘ನಡುವಿನ ಸಾಲಿನಾಗ ಹೆಣ್ಮಕ್ಕಳು ಅವನ್ನ ಎತ್ಕೊಂಡು ಹೊಂಟಾರಲ್ರೀ!’ ಎಂದು ಮತ್ತೊಬ್ಬ. ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ ಯಾವಾಗಲೂ ಹಿಂದಿನ ಸಾಲಿನಿಂದ ಬರುತ್ತದೆ: ‘ಒಬ್ಬನ್ನ ಮೂರು ಸಲ ಯಾಕ ಕೆತ್ಯಾರ್ರೀ?’

ಅಲ್ಲಿಗೆ ಪಾಠ ಶುರು. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕೆಂದು ಮಕ್ಕಳೇ ಕಂಡುಕೊಳ್ಳುತ್ತಾರೆ. ಕೆಳಗೆ ಊರಿನ ದನ ಬಿಡಿಸಲು ಹೋಗಿ ಕಾದಾಡುತ್ತಿರುವವನು, ನಡುವೆ ಅಪ್ಸರೆಯರ ತೋಳಿನಲ್ಲಿ ಅದೇ ಮನುಷ್ಯ, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತವನೂ ಅವನೇ. ತುದಿಯಲ್ಲಿ ಸೂರ್ಯ, ಚಂದ್ರ. ಅವರಿರುವ ತನಕ ಇವನ ಹೆಸರಿರಲಿ ಎಂದು. ಇದನ್ನು ನಾನೇ ಹೇಳಿಬಿಟ್ಟರೆ ಐದು ನಿಮಿಷದ ಕೆಲಸ. ಅವರ ಬಾಯಿಂದಲೇ ಹೊರಡಿಸಿದರೆ ಮುಕ್ಕಾಲು ತಾಸು. ಆ ಮುಕ್ಕಾಲು ತಾಸಿಗೆ ಬೇಕಾದ ಸಾಮಾನು ಒಂದು ಪೆನ್ಸಿಲು, ಎರಡು ಹಾಳೆ. ಬೆಲೆಯಿರುವುದು ಮುಂದೆ ನಿಂತು ಕೇಳುವವನ ತಯಾರಿಗೆ. ಮಾತಾಡಬಾರದ ಹೊತ್ತಿನಲ್ಲಿ ಸುಮ್ಮನಿರುವುದನ್ನು ಕಲಿಯಲು ಮಾಸ್ತರರಿಗೆ ಮಕ್ಕಳಿಗಿಂತ ಹೆಚ್ಚು ತರಬೇತಿ ಬೇಕು.

ಮಹಾರಾಷ್ಟ್ರದ ಶಾಲೆಗಳಲ್ಲಿ ಓದುವ ನಮ್ಮ ಕನ್ನಡ ಮಾಧ್ಯಮದ ಮಕ್ಕಳಿಗೆ ಒಂದು ಅನುಕೂಲವಿದೆ. ರಾಜ್ಯದ ಕಲಾ ಸಂಚಾಲನಾಲಯ ನಡೆಸುವ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂಬ ಚಿತ್ರಕಲೆಯ ಗ್ರೇಡ್ ಪರೀಕ್ಷೆಗಳು. ವಸ್ತುಚಿತ್ರ, ಸ್ಮರಣಚಿತ್ರ, ಸಂಕಲ್ಪಚಿತ್ರ, ಜೊತೆಗೆ ಭೂಮಿತಿ ಮತ್ತು ಅಕ್ಷರಲೇಖನ. ಇಂಟರ್‌ಮೀಡಿಯೇಟ್ ಪಾಸಾದವರಿಗೆ ಹತ್ತನೆಯ ತರಗತಿಯಲ್ಲಿ ಹೆಚ್ಚುವರಿ ಅಂಕ ಸಿಗುತ್ತದೆ, ಆದ್ದರಿಂದ ಪಾಲಕರೂ ಆಸೆಪಡುತ್ತಾರೆ. ವಸ್ತುಚಿತ್ರಕ್ಕೆ ಮಾಸ್ತರರು ಮೇಜಿನ ಮೇಲೆ ಇಡುವುದು ಬಕೆಟ್ಟು, ಚಹಾದ ಕಿಟ್ಲಿ, ಎರಡು ಬದನೆಕಾಯಿ. ಅದು ತಪ್ಪೆಂದು ನಾನು ಹೇಳುತ್ತಿಲ್ಲ. ಬಕೆಟ್ಟಿನ ಬಾಯಿಯ ಅಂಡಾಕಾರ ಸರಿಯಾಗಿ ಬರೆಯಬಲ್ಲವನು ಮುಂದೆ ಏನನ್ನಾದರೂ ಬರೆದಾನು. ಆದರೆ ವರ್ಷದಲ್ಲಿ ಎರಡು ಭಾನುವಾರ ಅದೇ ಮಕ್ಕಳು ಅಕ್ಕಲಕೋಟೆಯ ಶಸ್ತ್ರಾಗಾರದಲ್ಲಿ ಕೂತು ಒಂದು ಕತ್ತಿಯ ಹಿಡಿಕೆಯನ್ನು, ಕಲಬುರಗಿಯ ಗುಮ್ಮಟದ ಕೆಳಗೆ ಕೂತು ಒಂದು ಮುರಿದ ಶಿಲ್ಪದ ಕೊರಳಸರವನ್ನು ಬರೆದರೆ, ಪರೀಕ್ಷೆಯ ತಯಾರಿಯೂ ಆಯಿತು, ಸಂಗ್ರಹಾಲಯದ ಕಲಿಕೆಯೂ ಆಯಿತು. ಇದಕ್ಕೆ ಹೊಸ ಯೋಜನೆ, ಹೊಸ ಅನುದಾನ ಯಾವುದೂ ಬೇಡ. ಕೂತು ಬರೆಯಲು ಅನುಮತಿ ಬೇಕು, ಒಂದು ಜಮಖಾನೆ ಬೇಕು. ಮುಟ್ಟಬೇಡ ಎನ್ನುವ ಕಾವಲುಗಾರನ ದನಿ ಸ್ವಲ್ಪ ತಗ್ಗಿದರೆ ಇನ್ನೂ ಒಳ್ಳೆಯದು.

ಮಕ್ಕಳು ಬರಲಾಗದಿದ್ದರೆ ಸಂಗ್ರಹಾಲಯವೇ ಹೋಗಬಹುದು. ವಿಜ್ಞಾನದವರು ಇದನ್ನು ಎಂದೋ ಮಾಡಿದರು. ಕೊಲ್ಕತ್ತೆಯ ಬಿರ್ಲಾ ಮ್ಯೂಸಿಯಂ 1965ರಲ್ಲೇ ಬಸ್ಸಿನಲ್ಲಿ ವಿಜ್ಞಾನದ ಪ್ರದರ್ಶನ ಹೊತ್ತು ಹಳ್ಳಿಗೆ ಹೊರಟಿತು. ಕಲೆ ಮತ್ತು ಇತಿಹಾಸದ ಕಡೆ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತು ಸಂಗ್ರಹಾಲಯದ ‘ಮ್ಯೂಸಿಯಂ ಆನ್ ವ್ಹೀಲ್ಸ್’ ಬಸ್ಸು ಹೊರಟದ್ದು 2015ರಲ್ಲಿ. ಐವತ್ತು ವರ್ಷ ತಡ. ಇರಲಿ, ಹೊರಟಿತಲ್ಲ. ಆ ಬಸ್ಸಿನಂಥದೊಂದು ದುಧನಿಯ ಮಾರುಕಟ್ಟೆಯ ಅಂಗಳದಲ್ಲಿ, ಸಂಜೆ ಆರಕ್ಕೆ, ತೂಕ ಮುಗಿದ ಮೇಲೆ ನಿಂತರೆ ಮೊದಲು ಹತ್ತುವವರು ಮಕ್ಕಳಲ್ಲ, ಹಮಾಲರು ಎಂದು ನನಗೆ ನಂಬಿಕೆ.

ಕಲ್ಲಿಗೆ ಮಾತು ಕೊಡುವ ಕೆಲಸ ನಮ್ಮ ಭೀಮೆಯ ದಂಡೆಗೆ ಹೊಸದೂ ಅಲ್ಲ. ಭೀಮೆಯ ಕೆಳಹರಿವಿನಲ್ಲಿ, ಚಿತ್ತಾಪುರ ತಾಲೂಕಿನ ಸನ್ನತಿಯ ಪಕ್ಕ ಕನಗನಹಳ್ಳಿಯಲ್ಲಿ, 1994ರಿಂದ ನಡೆದ ಉತ್ಖನನದಲ್ಲಿ ಬೌದ್ಧ ಸ್ತೂಪವೊಂದು ಹೊರಬಂತು. ಅದರ ಸುಣ್ಣಗಲ್ಲಿನ ಫಲಕವೊಂದರಲ್ಲಿ ರಾಜ, ರಾಣಿ, ಛತ್ರ ಚಾಮರ ಹಿಡಿದ ಹೆಂಗಸರು. ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ, ಪ್ರಾಕೃತದಲ್ಲಿ, ಇವನು ಅಶೋಕ ರಾಜ ಎಂದು ಬರೆದಿದೆ. ಅಲ್ಲಿಯ ಎಷ್ಟೋ ಫಲಕಗಳಿಗೆ ಹೀಗೆ ಹೆಸರು ಕೊರೆದಿದ್ದಾರೆ. ಎರಡು ಸಾವಿರ ವರ್ಷದ ಕೆಳಗಿನ ಶಿಲ್ಪಿಗೆ, ನೋಡುವವನಿಗೆ ಇದು ಯಾರೆಂದು ತಿಳಿಯಬೇಕು ಎಂಬ ಕಾಳಜಿ ಇತ್ತು. ನದಿಯ ಮೇಲ್ಹರಿವಿಗೆ ಬನ್ನಿ. ಸೀನಾ ಮತ್ತು ಭೀಮೆ ಕೂಡುವಲ್ಲಿ, ದಕ್ಷಿಣ ಸೊಲ್ಲಾಪುರ ತಾಲೂಕಿನ ಹತ್ತರಸಂಗ–ಕೂಡಲದಲ್ಲಿ, 359 ಮುಖಗಳ ಲಿಂಗವಿರುವ ಹರಿಹರೇಶ್ವರ ಗುಡಿಯಿದೆ. ಪಕ್ಕದ ಸಂಗಮೇಶ್ವರ ಗುಡಿಯ ತೊಲೆಯ ಮೇಲೆ ಶಕ 940ರ, ಅಂದರೆ ಕ್ರಿ.ಶ. 1018ರ ಬರಹವಿದೆ. ಮರಾಠಿಯ ಅತಿ ಹಳೆಯ ಬರಹಗಳಲ್ಲಿ ಅದು ಒಂದು. ಇದನ್ನು ಓದಿದವನು ಗೆಲ್ಲುತ್ತಾನೆ ಎಂದು ಅದರ ಭಾವ.

ಸೊಲ್ಲಾಪುರ ಜಿಲ್ಲೆಯ ಉಳಿದ ಹಳೆಯ ಶಾಸನಗಳಲ್ಲಿ ಬಹುಪಾಲು ಕನ್ನಡದವು. ಅವನ್ನು ಊರೂರು ಅಲೆದು ಹುಡುಕಿದ ಸೊಲ್ಲಾಪುರದ ಆನಂದ ಕುಂಭಾರರು ಮರಾಠಿ ಬರಹಗಾರರು. ಧಾರವಾಡದ ಶ್ರೀನಿವಾಸ ರಿತ್ತಿಯವರ ಜೊತೆ ಸೇರಿ ಅವರು ಹೊರತಂದ ಜಿಲ್ಲೆಯ ಶಾಸನಗಳ ಸಂಪುಟ 1988ರಲ್ಲಿ ಪ್ರಕಟವಾಯಿತು. ಗಡಿಯ ಎರಡೂ ಕಡೆಯವರು ಒಂದೇ ಕಲ್ಲಿನ ಮುಂದೆ ಕೂತರೆ ಆಗುವ ಕೆಲಸ ಅದು. ಆ ಸಂಪುಟದಲ್ಲಿ ತಮ್ಮ ಊರಿನ ಹೆಸರಿದೆಯೇ ಎಂದು ಎಷ್ಟು ಶಾಲೆಗಳು ನೋಡಿವೆ? ಪುಕ್ಕಟೆ ಕಲಿಕೆಯ ಕಾರ್ಯಕ್ರಮ ಎಲ್ಲಿಂದ ಶುರುಮಾಡಲಿ ಎಂದು ಯಾವ ಮುಖ್ಯಾಧ್ಯಾಪಕರಾದರೂ ಕೇಳಿದರೆ, ಅಲ್ಲಿಂದ ಎನ್ನುತ್ತೇನೆ.

ತೊಡಕು ಒಂದೇ. ದುಧನಿಯ ಮಗು ಕಲಬುರಗಿಯ ಸಂಗ್ರಹಾಲಯಕ್ಕೆ ಹೊರರಾಜ್ಯದ ಮಗು. ಅಲ್ಲಿಯ ಜಿಲ್ಲಾ ಶಾಲೆಗಳಿಗೆ ಹೋಗುವ ಸುತ್ತೋಲೆ ಇಲ್ಲಿಗೆ ಬರುವುದಿಲ್ಲ. ಮುಂಬಯಿ ಪುಣೆಗಳ ಸಂಗ್ರಹಾಲಯಗಳು ಬಂದರೆ ಮರಾಠಿಯಲ್ಲಿ ಮಾತಾಡುತ್ತವೆ. ಆದರೆ ಇದೇ ತೊಡಕನ್ನು ಮಗುಚಿ ನೋಡಬಹುದು. ದುಧನಿಯ ಹತ್ತನೆಯ ತರಗತಿಯ ಹುಡುಗಿ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ, ಪೇಟೆಯಲ್ಲಿ ಹಿಂದಿ ಆಡುತ್ತಾಳೆ. ಪಕ್ಕದ ಓಣಿಯ ದಖನಿಯೂ ಅವಳಿಗೆ ತಿಳಿಯುತ್ತದೆ. ಅಕ್ಕಲಕೋಟೆಗೆ ಬರುವ ಭಕ್ತರಲ್ಲಿ ಮರಾಠಿಯವರೇ ಹೆಚ್ಚು, ಕನ್ನಡದವರೂ ಇದ್ದಾರೆ. ಗೋಳಗುಮ್ಮಟಕ್ಕೆ ಬರುವ ಮರಾಠಿ ಪ್ರವಾಸಿಗಳಿಗಂತೂ ಲೆಕ್ಕವಿಲ್ಲ. ಇಷ್ಟು ಭಾಷೆಗಳಲ್ಲಿ ನಿಂತು ವಿವರಿಸುವವರನ್ನು ಸಂಗ್ರಹಾಲಯಗಳು ಎಲ್ಲಿಂದ ತಂದಾವು? ನಮ್ಮಲ್ಲಿ ಮನೆಗೊಬ್ಬರಿದ್ದಾರೆ.

ಆದ್ದರಿಂದ ಕಲಬುರಗಿ, ವಿಜಯಪುರ, ಅಕ್ಕಲಕೋಟೆಯ ಸಂಗ್ರಹಾಲಯಗಳನ್ನು ನೋಡಿಕೊಳ್ಳುವವರಿಗೆ ನನ್ನದೊಂದು ವಿನಂತಿ. ಗಡಿಯ ಶಾಲೆಗಳಿಂದ ಹತ್ತು ಮಕ್ಕಳನ್ನು ಆರಿಸಿ, ಎಂಟು ಭಾನುವಾರ ಕರೆಯಿರಿ. ರೈಲಿನ ವೇಳೆಗೆ ಹೊಂದಿಸಿ ಕರೆಯಿರಿ, ಬಂದುಹೋಗುವ ಖರ್ಚು ಕೊಡಿ, ಮಧ್ಯಾಹ್ನ ಊಟ ಹಾಕಿ. ಒಂದೊಂದು ವಾರ ಒಂದೊಂದೇ ವಸ್ತುವನ್ನು ಕಲಿಸಿ. ಒಂಬತ್ತನೆಯ ಭಾನುವಾರ ಅವರನ್ನೇ ವೀರಗಲ್ಲಿನ ಮುಂದೆ ನಿಲ್ಲಿಸಿ, ಬಂದವರಿಗೆ ಹೇಳಲಿ. ಚೀಟಿ ಮುಚ್ಚಿಡಲು ಮರೆಯಬೇಡಿ.